ಅರವತ್ತೆರಡರಲ್ಲಿ ಅಪ್ಪ ಜಡೆ ಹೆಣೆಯಲು ಕಲಿತರು

ಊಟಕ್ಕೆ ಕುಳಿತ ಅಪ್ಪ ಖಾಲಿ ಲೋಟವನ್ನು ಎರಡು ಬಾರಿ ನೆಲಕ್ಕೆ ತಟ್ಟಿದರೆ ನೀರು ಬೇಕೆಂದು ಅರ್ಥ. ಒಲೆಯ ಮುಂದಿದ್ದ ಅಮ್ಮ ಕೈಕೆಲಸ ಬಿಟ್ಟು ಬಂದು ನೀರು ತುಂಬಿಸುತ್ತಿದ್ದರು. ನೀರಿನ ಬಿಂದಿಗೆ ಅಪ್ಪನಿಂದ ನಾಲ್ಕು ಹೆಜ್ಜೆ ದೂರದಲ್ಲಿರುತ್ತಿತ್ತು. ಎಪ್ಪತ್ತರ ದಶಕದ ನಮ್ಮ ಮನೆಯಲ್ಲಿ ಇದು ಯಾರಿಗೂ ವಿಚಿತ್ರವೆನಿಸಿರಲಿಲ್ಲ. ಮಗಳಾದ ನನಗೂ ಅನಿಸಿರಲಿಲ್ಲ.

ಅಪ್ಪ 2023ರಲ್ಲಿ, ತಮ್ಮ 82ನೇ ವಯಸ್ಸಿನಲ್ಲಿ ತೀರಿಕೊಂಡರು. ಮಾತನಾಡಿಸಲು ಬಂದವರೆಲ್ಲ ಹೇಳಿದ್ದು ಒಂದೇ ಮಾತು: ಅಂಥ ಗಂಡ, ಅಂಥ ತಂದೆ, ಅಂಥ ತಾತ ಸಿಗುವುದು ಅಪರೂಪ. ಅದು ಸುಳ್ಳಲ್ಲ. ಆದರೆ ಅವರು ಮೊದಲಿನಿಂದಲೂ ಹಾಗಿರಲಿಲ್ಲ ಎಂಬುದನ್ನು ಮರೆತರೆ, ಅವರ ಬದುಕಿನ ದೊಡ್ಡ ಸಂಗತಿಯನ್ನೇ ಮರೆತಂತಾಗುತ್ತದೆ.

ಮಂಡ್ಯ ಸೀಮೆಯ ಹಳ್ಳಿಯಿಂದ ಬಂದ ಅಪ್ಪ 1964ರಲ್ಲಿ ಬೆಂಗಳೂರಿನ ಎಚ್‌ಎಂಟಿ ಕೈಗಡಿಯಾರ ಕಾರ್ಖಾನೆ ಸೇರಿದರು. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದೊಂದಿಗೆ 1961ರಲ್ಲಿ ಆರಂಭವಾಗಿದ್ದ ಆ ಕಾರ್ಖಾನೆ ಆಗಿನ್ನೂ ಹೊಸದು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಸಾಸಿವೆಗಿಂತ ಚಿಕ್ಕ ತಿರುಪುಗಳನ್ನು ಚಿಮುಟದಲ್ಲಿ ಹಿಡಿದು ಕೂರಿಸುವುದು ಅವರ ಕೆಲಸ. 1967ರಲ್ಲಿ ಮದುವೆಯಾಯಿತು. ಸಂಬಳದ ಲಕೋಟೆಯನ್ನು ಒಡೆಯದೆ ಅಮ್ಮನ ಕೈಗಿಡುತ್ತಿದ್ದರು, ನಮ್ಮ ಶಾಲೆಯ ಫೀಜನ್ನು ಒಂದು ದಿನವೂ ತಡಮಾಡಲಿಲ್ಲ. ಆದರೆ ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆಯೆಂದು ಅವರಿಗೆ ಗೊತ್ತಿರಲಿಲ್ಲ. ಎಂಬತ್ತರ ದಶಕದಲ್ಲಿ ಅಜ್ಜಿ ಆರು ವರ್ಷ ಹಾಸಿಗೆ ಹಿಡಿದಾಗ ಅವರನ್ನು ಎತ್ತಿ, ತೊಳೆದು, ಉಣ್ಣಿಸಿದವರು ಅಮ್ಮ. ಅಪ್ಪ ಔಷಧಿ ತಂದುಕೊಟ್ಟು, ಸಂಜೆ 'ಊಟ ಮಾಡಿದ್ಲಾ?' ಎಂದು ವಿಚಾರಿಸುತ್ತಿದ್ದರು.

ನಿವೃತ್ತಿಯಾಗಿ ನಾಲ್ಕು ವರ್ಷಕ್ಕೆ, 2003ರಲ್ಲಿ, ಅಮ್ಮನಿಗೆ ಪಾರ್ಶ್ವವಾಯು ಬಡಿಯಿತು. ಮಿದುಳಿನ ಎಡಭಾಗಕ್ಕೆ ಪೆಟ್ಟು ಬಿದ್ದಿದ್ದರಿಂದ ಬಲಗೈ, ಬಲಗಾಲುಗಳ ಜೊತೆಗೆ ಮಾತೂ ಹೋಯಿತು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತದೆಂದು ವೈದ್ಯರು ಎಚ್ಚರಿಸಿ ಕಳುಹಿಸಿದರು. ನನಗೆ ಬ್ಯಾಂಕಿನ ನೌಕರಿ, ಇಬ್ಬರು ಚಿಕ್ಕ ಮಕ್ಕಳು. ನಗರದ ಹೊರವಲಯದ ಒಂದು ಆರೈಕೆ ಕೇಂದ್ರವನ್ನು ವಿಚಾರಿಸಿ, ತಿಂಗಳ ಖರ್ಚನ್ನು ಹಾಳೆಯ ಮೇಲೆ ಬರೆದು ಅಪ್ಪನ ಮುಂದಿಟ್ಟೆ. ಅವರು ಪೂರ್ತಿ ಓದಿದರು, ಮಡಿಸಿ ಜೇಬಿನಲ್ಲಿಟ್ಟುಕೊಂಡರು, 'ನೋಡೋಣಮ್ಮ' ಎಂದರು. ಮರುದಿನ ಹೋದಾಗ ದಿಂಬಿನ ಪಕ್ಕದಲ್ಲಿ ಅವರ ಹಳೆಯ 'ಜನತಾ' ಗಡಿಯಾರ, ಒಂದು ನೋಟ್ ಪುಸ್ತಕ. ಹತ್ತು, ಹನ್ನೆರಡು, ಎರಡು, ನಾಲ್ಕು ಎಂದು ರಾತ್ರಿಯ ಗಂಟೆಗಳನ್ನು ಗುರುತು ಹಾಕಿಕೊಂಡಿದ್ದರು. ಆ ಲೆಕ್ಕದ ಹಾಳೆಯ ವಿಷಯವನ್ನು ಅಪ್ಪ ಮತ್ತೆಂದೂ ಎತ್ತಲಿಲ್ಲ. ಎತ್ತಿ ಬೈದಿದ್ದರೆ ನನ್ನ ಮನಸ್ಸಾದರೂ ಹಗುರವಾಗುತ್ತಿತ್ತು.

ಮೊದಲ ಎರಡು ವರ್ಷ ಬೆಳಗಿನ ಹೊತ್ತು ಒಬ್ಬ ಆಯಾ ಬರುತ್ತಿದ್ದರು. ಉಳಿದದ್ದೆಲ್ಲವನ್ನೂ ಅಪ್ಪ ಕಲಿತರು. ಮೊದಲ ತಿಂಗಳ ಮುದ್ದೆಯ ತುಂಬ ಗಂಟು, ಸಾರಿಗೆ ಎರಡೆರಡು ಸಲ ಉಪ್ಪು. ಕಲಿಯಲು ಎಲ್ಲಕ್ಕಿಂತ ಕಷ್ಟವಾದದ್ದು ಜಡೆ. ಅಮ್ಮನದು ಸೊಂಟ ಮುಟ್ಟುವ ಕೂದಲು. ಕತ್ತರಿಸಿಬಿಡಿ, ಶುಚಿಗೂ ಅನುಕೂಲ ಎಂದು ನೆಂಟರು ಸಲಹೆ ಕೊಟ್ಟರು. ಮಾತಿಲ್ಲದ ಅಮ್ಮನ ಕಣ್ಣಲ್ಲಿ ನೀರು ಬಂತು. ಅಂದು ಸಂಜೆ ಅಪ್ಪ ಹಳೆಯ ಸೀರೆಯ ಅಂಚನ್ನು ಮೂರು ಪಟ್ಟಿಯಾಗಿ ಹರಿದು, ಕಿಟಕಿಯ ಸರಳಿಗೆ ಕಟ್ಟಿ, ಏಳು ವರ್ಷದ ನನ್ನ ಮಗಳನ್ನು ಕರೆದು 'ಹೆಂಗೆ ಹೆಣೀಬೇಕು, ಹೇಳ್ಕೊಡು' ಎಂದರು. ಸಾಸಿವೆಯಂಥ ತಿರುಪಿಗೆ ಹೆದರದ ಬೆರಳುಗಳು ಮೂರು ಎಳೆಯ ಮುಂದೆ ತಡಬಡಾಯಿಸಿದವು. 'ತಾತಾ, ಎಡಗಡೇದು ಮಧ್ಯಕ್ಕೆ ಬರ್ಬೇಕು!' ಎಂದು ಮೊಮ್ಮಗಳು ಗದರಿದಾಗ ಮಂಚದ ಮೇಲಿಂದ ವಿಚಿತ್ರವಾದ ದನಿಯೊಂದು ಕೇಳಿತು. ಕಾಯಿಲೆ ಬಿದ್ದ ಮೇಲೆ ಅಮ್ಮ ಮೊದಲ ಬಾರಿ ನಕ್ಕಿದ್ದರು. ಒಂದು ವಾರದಲ್ಲಿ ಅಪ್ಪನಿಗೆ ಜಡೆ ಒಲಿಯಿತು. ಮುಂದೆ ಒಂಬತ್ತು ವರ್ಷ ಅದು ಒಂದು ದಿನವೂ ಸಡಿಲವಾಗಲಿಲ್ಲ.

ಮಾತು ಹೋದ ಅಮ್ಮ ಏನಾದರೂ ಬೇಕಾದಾಗ ಎಡಗೈಯಿಂದ ಲೋಟವನ್ನು ಮಂಚದ ಪಟ್ಟಿಗೆ ಎರಡು ಬಾರಿ ತಟ್ಟುತ್ತಿದ್ದರು. ಅಪ್ಪ ಒಲೆ ಆರಿಸಿ ಓಡಿ ಬರುತ್ತಿದ್ದರು. ಒಂದು ದಿನ ನೀರು ಕುಡಿಸಿ ಬಂದವರು ನನ್ನೆದುರು ಕುಳಿತು, 'ಮೂವತ್ತಾರು ವರ್ಷ ನಾನು ಹಿಂಗೇ ಕರೆದೆ. ಅವಳು ಯಾವತ್ತೂ ಬೇಜಾರು ಮಾಡ್ಕೊಳ್ಳಲಿಲ್ಲ' ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಮಾಡ್ಕೊಂಡಿದ್ದಳೋ ಏನೋ. ನಾನು ಕೇಳಿರಲಿಲ್ಲ' ಎಂದು ಸೇರಿಸಿದರು. ಈಗ ಕೇಳಿದರೂ ಉತ್ತರ ಕೊಡಲು ಅಮ್ಮನಿಗೆ ಮಾತಿರಲಿಲ್ಲ.

ಅಮ್ಮ 2012ರಲ್ಲಿ ಹೋದರು. ಹನ್ನೊಂದನೆಯ ದಿನದ ತಿಥಿಯಲ್ಲಿ ಬಂಧುವೊಬ್ಬರು ಹತ್ತು ಜನರ ನಡುವೆ ಅಪ್ಪನ ಕೈ ಹಿಡಿದು, 'ನೀವು ಮನುಷ್ಯರಲ್ಲ, ದೇವರು' ಎಂದರು. ಎಂದೂ ಗಟ್ಟಿಯಾಗಿ ಮಾತನಾಡದ ಅಪ್ಪ ಆ ದಿನ ಎಲ್ಲರಿಗೂ ಕೇಳುವಂತೆ ಹೇಳಿದರು: 'ನಮ್ಮವ್ವನ್ನ ಇವಳು ಆರು ವರ್ಷ ನೋಡ್ಕೊಂಡ್ಲು. ಆವಾಗ ಇವಳನ್ನ ದೇವರು ಅಂತ ಯಾರು ಅಂದ್ರಿ?' ಉತ್ತರ ಬರಲಿಲ್ಲ. ಅಂದು ಅಪ್ಪನನ್ನು ದೇವರೆಂದವರಲ್ಲಿ ನಾನೂ ಒಬ್ಬಳು, ಮನಸ್ಸಿನಲ್ಲಿ.

ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ವರದಿಯನ್ನು ಓದುವಾಗ ನನಗೆ ಈ ಪ್ರಶ್ನೆಯೇ ನೆನಪಾಯಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ದಿನದ ಸ್ವಲ್ಪ ಹೊತ್ತನ್ನಾದರೂ ಕಳೆಯುವ ಹೆಂಗಸರು ನೂರಕ್ಕೆ 81, ಗಂಡಸರು 26. ಹಾಗೆ ಕೆಲಸ ಮಾಡುವವರಲ್ಲೂ ಹೆಂಗಸರು ದಿನಕ್ಕೆ 299 ನಿಮಿಷ ದುಡಿದರೆ ಗಂಡಸರು 97 ನಿಮಿಷ. ಹೆಂಗಸು ಮಾಡಿದರೆ ಕರ್ತವ್ಯ, ಗಂಡಸು ಮಾಡಿದರೆ ತ್ಯಾಗ ಎಂಬ ಎರಡು ತಕ್ಕಡಿಗಳು ನಮ್ಮ ಮನೆಗಳಲ್ಲಿ ಇನ್ನೂ ತೂಗುತ್ತಲೇ ಇವೆ. ಅಪ್ಪ ತಮ್ಮನ್ನು ಅಮ್ಮನ ತಕ್ಕಡಿಯಲ್ಲಿಯೇ ತೂಗಬೇಕೆಂದರು. ಅವರ ಮೇಲಿನ ನನ್ನ ಗೌರವ ಹೆಚ್ಚಾದದ್ದು ಆ ಒಂಬತ್ತು ವರ್ಷಗಳಿಗಿಂತ ಈ ಒಂದು ಮಾತಿನಿಂದ.

ಕೈಗಡಿಯಾರ ವಿಭಾಗವನ್ನು ಮುಚ್ಚಲು ಕೇಂದ್ರ ಸರ್ಕಾರ 2016ರ ಜನವರಿಯಲ್ಲಿ ತೀರ್ಮಾನಿಸಿದ ಸುದ್ದಿ ಬಂದ ದಿನ, ಅಪ್ಪ ಪತ್ರಿಕೆ ಮಡಿಸಿಟ್ಟು ತಮ್ಮ 'ಜನತಾ'ಗೆ ಎಂದಿನಂತೆ ಕೀಲಿ ಕೊಟ್ಟರು. ಕೊನೆಯ ಎರಡು ತಿಂಗಳು ಅವರೇ ಹಾಸಿಗೆ ಹಿಡಿದಾಗ ಮಗ್ಗುಲು ಬದಲಿಸುವ ಪಾಳಿ ನಮ್ಮದಾಯಿತು. ಇಂಜಿನಿಯರಿಂಗ್ ಮುಗಿಸಿ ಆಗಷ್ಟೇ ಕೆಲಸಕ್ಕೆ ಸೇರಿದ್ದ ನನ್ನ ಮಗ ರಾತ್ರಿಯ ಪಾಳಿಯನ್ನು ತಾನೇ ಕೇಳಿ ಪಡೆದ. ತಾತನ ಗಡ್ಡ ಕೆರೆಯುವುದನ್ನೂ ಕಲಿತ. ಮೊದಲ ದಿನ ಗಲ್ಲದಲ್ಲಿ ಸಣ್ಣಗೆ ರಕ್ತ ಬಂತು. 'ಪರವಾಗಿಲ್ಲ ಕಣೋ, ನಂಗೂ ಜಡೆ ಒಂದೇ ದಿನಕ್ಕೆ ಬರ್ಲಿಲ್ಲ' ಎಂದರು ಅಪ್ಪ.

ಈಗ ಆ ಗಡಿಯಾರ ನನ್ನ ಮಗನ ಬಳಿ ಇದೆ. ವಯಸ್ಸಾದ ಯಂತ್ರ; ದಿನಕ್ಕೆ ಎರಡು ಮೂರು ನಿಮಿಷ ಹಿಂದೆ ಬೀಳುತ್ತದೆ. ಬೆಳಿಗ್ಗೆ ಎದ್ದು ಕಾಫಿಗೆ ಹಾಲು ಕಾಯಲಿಟ್ಟು, ಅದು ಉಕ್ಕುವುದರೊಳಗೆ ಅವನು ಮುಳ್ಳು ಸರಿಪಡಿಸಿ ಕೀಲಿ ಕೊಡುತ್ತಾನೆ.