ಹತ್ತಿರದ ದ್ವೀಪ

ಯರಗೇರಾದ ಹೊಲದ ಬಾವಿಯಲ್ಲಿ ಈಜು ಕಲಿತ ನನಗೆ, ಐವತ್ತು ದಾಟಿದ ಮೇಲೆ ಕಡಲೊಳಗಿನ ಹವಳವನ್ನು ಕಣ್ಣಾರೆ ಕಾಣುವ ಹಂಬಲ ಹುಟ್ಟಿತು. ಅಣ್ಣನ ಮಗನೊಡನೆ ಅಂಡಮಾನಿಗೆ ಹೋಗುವುದೆಂದು ನಿಶ್ಚಯವಾಯಿತು. ಆದರೆ ವಿಮಾನದ ದರ ಮಾಸ್ತರನ ಸಂಬಳಕ್ಕೆ ನಿಲುಕಲಿಲ್ಲ. ಲಕ್ಷದ್ವೀಪಕ್ಕೆ ಪರವಾನಗಿ ಬೇಕು. ಮೇಲಾಗಿ 2024ರಲ್ಲಿ ಕಡಲು ಕಾದು ಅಲ್ಲಿಯ ಹವಳ ಬಹಳಷ್ಟು ಬಿಳಿಚಿತ್ತು.

“ಕಾಕಾ, ನಮ್ಮ ನೇತ್ರಾಣಿ ಇಲ್ಲೇನು?” ಎಂದ ಹುಡುಗ. ಮುರುಡೇಶ್ವರದ ದಡದಿಂದ ಸುಮಾರು 19 ಕಿಲೋಮೀಟರು ದೂರದ ಆ ನಿರ್ಜನ ದ್ವೀಪ ನನಗೆ ಹೊಳೆದೇ ಇರಲಿಲ್ಲ.

ಬಾವಿಯಲ್ಲಿ ನಾನು ಕಲಿತದ್ದು ಉಸಿರು ಕಟ್ಟುವುದನ್ನು. ಸ್ಕೂಬಾದ ಮೊದಲ ಪಾಠವೇ ಉಸಿರು ಕಟ್ಟಬಾರದೆಂಬುದು. ಹತ್ತು ಮೀಟರು ಆಳದಲ್ಲಿ ಒತ್ತಡ ಇಮ್ಮಡಿಯಾಗಿರುತ್ತದೆ. ಉಸಿರು ಹಿಡಿದು ಮೇಲೇರಿದರೆ ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶವನ್ನೇ ಹರಿದೀತು. ಇಷ್ಟು ತಿಳಿದಿದ್ದರೂ ನೀರಿಗಿಳಿದೊಡನೆ ನನ್ನ ಎದೆ ಹಳೆಯ ರೂಢಿಯಂತೆ ಬಿಗಿಯಿತು. ಮೇಲಕ್ಕೆ ಚಿಮ್ಮಲು ಹವಣಿಸಿದೆ. ಶಿಕ್ಷಕನು ತೋಳು ಹಿಡಿದು ನಿಲ್ಲಿಸಿ, ನಿಧಾನವಾಗಿ ಉಸಿರಾಡುವಂತೆ ಸನ್ನೆ ಮಾಡಿದನು. ಎದೆ ಸಡಿಲಿದ ಮೇಲೆಯೇ ಹವಳದ ಬಳಿ ಸುಳಿವ ಚಿಟ್ಟೆಮೀನುಗಳು ಕಂಡವು.

ಮಳೆಗಾಲ ಕಳೆದು ಕಡಲು ತಿಳಿಯಾದಾಗ ಹೊರಡುವ ವಾಚಕರಲ್ಲಿ ನನ್ನದೊಂದೇ ಬಿನ್ನಹ: ದ್ವೀಪ ದೂರದ್ದೋ ಹತ್ತಿರದ್ದೋ ಎಂಬುದನ್ನು ಆಮೇಲೆ ನೋಡಿರಿ, ಕೈಹಿಡಿದು ಇಳಿಸುವವನು ಎಂಥವನೆಂಬುದನ್ನು ಮೊದಲು ವಿಚಾರಿಸಿರಿ.