ಗಾಳಿ ಕಡಿಮೆ ಇದ್ದಾಗ ಹಾಯಿದೋಣಿ: ಘರ್ಷಣೆ ಪಾಠಕ್ಕೊಂದು ಉದಾಹರಣೆ

ಬೋಧನಾಭ್ಯಾಸದ ಎರಡನೆಯ ವಾರ ಎಂಟನೆಯ ತರಗತಿಗೆ ‘ಘರ್ಷಣೆ’ ಪಾಠ ಮಾಡುತ್ತಿದ್ದೆ. ನೀರು ಕೂಡ ಘರ್ಷಣೆ ಉಂಟುಮಾಡುತ್ತದೆ ಎಂದು ಹೇಳಲು ಹಾಯಿದೋಣಿಯ ಚಿತ್ರ ತೋರಿಸಿದೆ. ಪದವಿ ಓದುವಾಗ ಎನ್‌ಸಿಸಿ ನೌಕಾ ವಿಭಾಗದ ಕೆಡೆಟ್ ಆಗಿದ್ದೆ. ಇಬ್ಬರು ನಡೆಸುವ ‘ಎಂಟರ್‌ಪ್ರೈಸ್’ ಎಂಬ ಸಣ್ಣ ಹಾಯಿದೋಣಿಯಲ್ಲಿ ಅಭ್ಯಾಸ ಮಾಡಿದ್ದೆ. ಹಾಗಾಗಿ ಈ ಉದಾಹರಣೆ ನನಗೆ ಸುಲಭವೆನಿಸಿತ್ತು.

ಹಿಂದಿನ ಬೆಂಚಿನ ವಿದ್ಯಾರ್ಥಿನಿಯೊಬ್ಬಳು ಕೇಳಿದಳು: “ಸರ್, ಗಾಳಿ ತುಂಬಾ ಕಡಿಮೆ ಇದ್ರೆ ರೇಸ್ ಹೇಗೆ ಮಾಡ್ತಾರೆ?” ಪಾಠಯೋಜನೆಯಲ್ಲಿ ಇನ್ನೂ ಎರಡು ಬೋಧನಾಂಶಗಳು ಬಾಕಿ ಇದ್ದವು. “ಗಾಳಿ ಇಲ್ಲದಿದ್ರೆ ರೇಸೂ ಇಲ್ಲ” ಎಂದು ಹೇಳಿ ಮುಂದಕ್ಕೆ ಹೋದೆ.

ಆ ಉತ್ತರ ತಪ್ಪು. ತಪ್ಪು ಎಂದು ನನಗೆ ಗೊತ್ತೂ ಇತ್ತು, ಏಕೆಂದರೆ ಅಂಥದೇ ಮಂದ ಗಾಳಿಯ ಒಂದು ರೇಸಿನಲ್ಲಿ ನಾನು ಕೊನೆಯವನಾಗಿ ಬಂದಿದ್ದೆ. ಅಂದು ನಾನು ಹಾಯಿಯ ಹಗ್ಗವನ್ನು ಮತ್ತೆ ಮತ್ತೆ ಎಳೆಯುತ್ತಿದ್ದೆ, ಚುಕ್ಕಾಣಿ ಅಲ್ಲಾಡಿಸುತ್ತಿದ್ದೆ, ಕೂತಲ್ಲಿ ಕೂರದೆ ಜಾಗ ಬದಲಿಸುತ್ತಿದ್ದೆ. ಪಕ್ಕದ ದೋಣಿಯ ಇಬ್ಬರು ಗೊಂಬೆಗಳಂತೆ ಅಲುಗಾಡದೆ ಕೂತು ನಮ್ಮನ್ನು ದಾಟಿಹೋದರು. ಅವರು ಗೆದ್ದದ್ದು ಏಕೆಂಬುದನ್ನು ಎಂಟನೆಯ ತರಗತಿಯ ವಿಜ್ಞಾನದಿಂದಲೇ ವಿವರಿಸಬಹುದು.

ಬಲ ಎಷ್ಟು ಕಡಿಮೆ?

ಗಾಳಿಯ ವೇಗವನ್ನು ನಾಟ್‌ಗಳಲ್ಲಿ ಅಳೆಯುತ್ತಾರೆ. 1 ನಾಟ್ ಎಂದರೆ ಗಂಟೆಗೆ 1.852 ಕಿ.ಮೀ. ಬ್ಯೂಫರ್ಟ್ ಮಾಪಕದಲ್ಲಿ 1ರಿಂದ 3 ನಾಟ್‌ವರೆಗಿನ ಗಾಳಿಗೆ 1ನೇ ಸಂಖ್ಯೆ. ಆಗ ನೀರಿನ ಮೇಲೆ ಮೀನಿನ ಹುರುಪೆಯಂಥ ಪುಟ್ಟ ತೆರೆಗಳಷ್ಟೇ ಕಾಣುತ್ತವೆ. ಹಾಯಿಯ ಮೇಲಿನ ಬಲವು ಗಾಳಿಯ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಗಾಳಿ 12 ನಾಟ್‌ನಿಂದ 3 ನಾಟ್‌ಗೆ ಇಳಿದರೆ ವೇಗ ನಾಲ್ಕನೇ ಒಂದು ಭಾಗವಾಗುತ್ತದೆ. ಬಲ ಮಾತ್ರ ಹದಿನಾರನೇ ಒಂದು ಭಾಗ. ಇಷ್ಟು ಕಡಿಮೆ ಬಲ ಇರುವಾಗ ಅದನ್ನು ಹೆಚ್ಚಿಸಲು ಹೋಗುವುದಕ್ಕಿಂತ ಇರುವುದನ್ನು ಪೋಲು ಮಾಡದಿರುವುದೇ ಮುಖ್ಯ.

ಪೋಲಾಗುವುದು ಎಲ್ಲಿ?

ದೋಣಿ ವೇಗವಾಗಿ ಹೋಗುವಾಗ ಅಲೆ ಎಬ್ಬಿಸುವುದಕ್ಕೇ ಬಹಳ ಶಕ್ತಿ ಹೋಗುತ್ತದೆ. ನಿಧಾನವಾಗಿ ಹೋಗುವಾಗ ಅಲೆ ಕಡಿಮೆ; ದೋಣಿಯ ಮೈಗೂ ನೀರಿಗೂ ನಡುವಿನ ಘರ್ಷಣೆಯೇ ದೊಡ್ಡ ಅಡ್ಡಿ. ಆದ್ದರಿಂದ ಒದ್ದೆಯಾಗುವ ಮೈಯನ್ನು ಕಡಿಮೆ ಮಾಡಬೇಕು. ಇಬ್ಬರೂ ಮುಂದಕ್ಕೆ ಸರಿದು ಕೂತರೆ ದೋಣಿಯ ಅಗಲವಾದ ಹಿಂಭಾಗ ನೀರಿನಿಂದ ಮೇಲೇಳುತ್ತದೆ. ಗಾಳಿ ಬರುವ ದಿಕ್ಕಿಗೆ ವಿರುದ್ಧವಾದ ಬದಿಗೆ ದೋಣಿಯನ್ನು ತುಸು ವಾಲಿಸಿದರೆ ನೀರಿಗೆ ತಾಗುವ ಮೈ ಇನ್ನಷ್ಟು ಕಡಿಮೆಯಾಗುತ್ತದೆ. ಹಾಯಿಯೂ ತನ್ನ ತೂಕದಿಂದಲೇ ಜೋತು ಸರಿಯಾದ ಬಾಗು ಪಡೆಯುತ್ತದೆ.

ಚುಕ್ಕಾಣಿಯನ್ನು ತಿರುಗಿಸಿದಷ್ಟೂ ಅದು ನೀರಿಗೆ ಅಡ್ಡವಾಗಿ ಬ್ರೇಕಿನಂತೆ ಕೆಲಸ ಮಾಡುತ್ತದೆ. ಹಾಯಿಯನ್ನು ಅತಿಯಾಗಿ ಬಿಗಿದರೆ ಮಂದ ಗಾಳಿ ಅದರ ಮೈಗುಂಟ ಹರಿಯಲಾರದೆ ಬೇರ್ಪಡುತ್ತದೆ. ಕೂತವರು ಧಡಕ್ಕನೆ ಎದ್ದರೆ ಇಡೀ ದೋಣಿ ತೂಗಿ, ಹಾಯಿಗೆ ಹಿಡಿದಿದ್ದ ಗಾಳಿ ಉದುರಿಹೋಗುತ್ತದೆ. ಅಂದು ನಾನು ಈ ಮೂರನ್ನೂ ಮಾಡಿದ್ದೆ.

ಗಾಳಿ ನೇರ ಬೆನ್ನ ಹಿಂದಿನಿಂದ ಬಂದರೆ ಇನ್ನೊಂದು ತೊಡಕು. 3 ನಾಟ್ ಗಾಳಿಯಲ್ಲಿ ದೋಣಿ 1 ನಾಟ್ ವೇಗದಲ್ಲಿ ಅದೇ ದಿಕ್ಕಿಗೆ ಹೋದರೆ ಹಾಯಿಗೆ ತಗಲುವುದು 2 ನಾಟ್ ಗಾಳಿ ಮಾತ್ರ. ಅದಕ್ಕೇ ಅನುಭವಿಗಳು ತುಸು ಓರೆಯಾಗಿ ಸಾಗುತ್ತಾರೆ. ದಾರಿ ಉದ್ದವಾದರೂ ವೇಗ ಹೆಚ್ಚುವುದರಿಂದ ಅನೇಕ ಸಲ ಅದೇ ಲಾಭ. ಸಾಪೇಕ್ಷ ವೇಗಕ್ಕೆ ಇದು ಒಳ್ಳೆಯ ಉದಾಹರಣೆ.

ಹಾಗಾದರೆ ದೋಣಿಯನ್ನೇ ತೂಗಿ, ಹಾಯಿಯನ್ನು ಬೀಸಣಿಗೆಯಂತೆ ಬೀಸಿ ಮುಂದೆ ಹೋಗಬಹುದಲ್ಲ? ಕೂಡದು. ಅಂತರರಾಷ್ಟ್ರೀಯ ರೇಸಿಂಗ್ ನಿಯಮಾವಳಿಯ 42ನೇ ನಿಯಮ ಸಾಮಾನ್ಯವಾಗಿ ಇದನ್ನು ನಿಷೇಧಿಸುತ್ತದೆ. ಗಾಳಿ ಮತ್ತು ನೀರಿನಿಂದಷ್ಟೇ ದೋಣಿ ಸಾಗಬೇಕು. ಮಾಡಬಹುದಾದದ್ದು ನೋಡುವ ಕೆಲಸ: ಹಾಯಿಗೆ ಅಂಟಿಸಿದ ನೂಲಿನ ಎಳೆಗಳು ಹೇಗೆ ಹಾರುತ್ತಿವೆ, ನೀರಿನ ಮೇಲೆ ಎಲ್ಲಿ ಕಪ್ಪಾಗಿ ಕಾಣುತ್ತಿದೆ ಎಂದು. ಆ ಕಪ್ಪು ಜಾಗದಲ್ಲಿ ಗಾಳಿ ಇದೆ ಎಂದರ್ಥ.

ಮರುದಿನದ ತರಗತಿ

ಮರುದಿನ ತರಗತಿಗೆ ಹೋದವನೇ, “ನಿನ್ನೆ ನಾನು ಹೇಳಿದ್ದು ತಪ್ಪು” ಎಂದೆ. ಪ್ಲಾಸ್ಟಿಕ್ ಟಬ್ಬಿನಲ್ಲಿ ನೀರು ತುಂಬಿ, ಥರ್ಮಾಕೋಲ್ ತುಂಡಿಗೆ ದಾರ ಕಟ್ಟಿ, ದಾರದ ಇನ್ನೊಂದು ತುದಿಯನ್ನು ಟಬ್ಬಿನ ಅಂಚಿನಿಂದಾಚೆ ಇಳಿಬಿಟ್ಟು ವಾಷರ್ ತೂಗುಹಾಕಿದೆವು. ಥರ್ಮಾಕೋಲಿನ ಅಡಿಗೆ ಪ್ಲಾಸ್ಟಿಕ್ ಕಾರ್ಡಿನ ಚೂರೊಂದನ್ನು ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಸಿಕ್ಕಿಸಿದೆವು. ನಾಲ್ಕು ವಾಷರ್ ಇದ್ದಾಗ ಎರಡೂ ಬೇಗ ದಡ ಸೇರಿದವು. ಒಂದೇ ವಾಷರ್ ಇದ್ದಾಗ ಅಡ್ಡ ಕಾರ್ಡಿನ ದೋಣಿ ತೆವಳಿತು. ಪ್ರಶ್ನೆ ಕೇಳಿದ್ದ ಹುಡುಗಿಯೇ ಸಮಯ ಬರೆದುಕೊಂಡು ಹೇಳಿದಳು: “ಬಲ ಕಮ್ಮಿ ಇದ್ದಾಗ ಸಣ್ಣ ತಪ್ಪೂ ದೊಡ್ಡದಾಗುತ್ತೆ, ಸರ್.” ನನ್ನ ಪಾಠಯೋಜನೆಯಲ್ಲಿ ಈ ವಾಕ್ಯ ಇರಲಿಲ್ಲ.

ವೀಕ್ಷಣಾ ಪುಸ್ತಕದಲ್ಲಿ ಮಾರ್ಗದರ್ಶಕರು ಹಿಂದಿನ ದಿನ ಬರೆದಿದ್ದರು: “ಪ್ರಶ್ನೆ ಬಂದಾಗ ಆತುರ.” ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕನಿಷ್ಠ ಮೂರು ಸೆಕೆಂಡು ಸುಮ್ಮನಿದ್ದರೆ ಮಕ್ಕಳ ಉತ್ತರ ದೀರ್ಘವಾಗುತ್ತದೆ ಎಂದು ಮೇರಿ ಬಡ್ ರೋ ಅವರ ಅಧ್ಯಯನ ತೋರಿಸಿದ್ದನ್ನು ನಾವೆಲ್ಲ ಪರೀಕ್ಷೆಗೆ ಓದಿದ್ದೇವೆ. ಮಕ್ಕಳೇ ಪ್ರಶ್ನೆ ಕೇಳಿದಾಗಲೂ ಆ ಮೂರು ಸೆಕೆಂಡು ಬೇಕು. ಈಗ ಪಾಠಯೋಜನೆಯ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಪುಟ್ಟ ಹಾಯಿ ಬರೆದುಕೊಳ್ಳುತ್ತೇನೆ. ಅದು ಕಂಡಾಗ ಕೈ ಕಟ್ಟಿ ನಿಲ್ಲುತ್ತೇನೆ.