ಚೆಂಡು ಬಾರದ ಕೈಗಳು

2000ನೆಯ ಇಸವಿ ಡಿಸೆಂಬರ್ 17, ಭಾನುವಾರ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ, ಜನ ಕ್ಯಾಂಡಲ್‌ಸ್ಟಿಕ್ ಎಂದೇ ಕರೆಯುತ್ತಿದ್ದ ಹಳೆಯ ಕ್ರೀಡಾಂಗಣಕ್ಕೆ ಪ್ರೇಕ್ಷಕರು ತಂಡೋಪತಂಡವಾಗಿ ಬಂದು ಸೇರಿದ್ದರು. ಹೆಸರಿಗೆ ಅದು ಷಿಕಾಗೋ ತಂಡದೊಡನೆ ನಡೆಯುವ ಪಂದ್ಯ. ಆದರೆ ಅವರಲ್ಲಿ ಬಹುಮಂದಿ ಬಂದಿದ್ದುದು ಒಬ್ಬ ಆಟಗಾರನನ್ನು ಬೀಳ್ಕೊಡುವುದಕ್ಕಾಗಿ. ಹದಿನಾರು ವರ್ಷಗಳ ಕಾಲ ಅದೇ ಅಂಗಳದಲ್ಲಿ, 80ನೆಯ ಸಂಖ್ಯೆಯ ಅದೇ ಅಂಗಿಯನ್ನು ತೊಟ್ಟು ಆಡಿದ್ದ ಜೆರಿ ರೈಸ್ ಮುಂದಿನ ವರ್ಷ ಆ ತಂಡದಲ್ಲಿ ಇರುವುದಿಲ್ಲವೆಂಬುದು ಆಗಲೇ ಗುಟ್ಟಾಗಿ ಉಳಿದಿರಲಿಲ್ಲ.

ಅಂದು ರೈಸ್ ಏಳು ಬಾರಿ ಚೆಂಡು ಹಿಡಿದ. ಸಾಮಾನ್ಯ ಆಟಗಾರನಿಗೆ ಅದು ಹೆಮ್ಮೆಯ ಲೆಕ್ಕವೇ ಸರಿ. ಆದರೆ ಅದೇ ಪಂದ್ಯದಲ್ಲಿ, ಅದೇ ತಂಡದ ಟೆರೆಲ್ ಓವೆನ್ಸ್ ಎಂಬ ತರುಣ ಇಪ್ಪತ್ತು ಬಾರಿ ಚೆಂಡು ಹಿಡಿದು, 1950ರಿಂದ ಅಳಿಯದೆ ನಿಂತಿದ್ದ ಹದಿನೆಂಟರ ದಾಖಲೆಯನ್ನು ಅಳಿಸಿಹಾಕಿದ. ತಂಡ ಗೆದ್ದಿತು. ಮರುದಿನ ಎಲ್ಲರ ಬಾಯಲ್ಲೂ ಓವೆನ್ಸನ ಇಪ್ಪತ್ತರ ಮಾತು. ಹಿರಿಯನನ್ನು ಕಳುಹಿಸಿಕೊಡಲೆಂದು ಹಾಕಿದ ಚಪ್ಪರದಲ್ಲಿ ಕಿರಿಯನಿಗೆ ಆರತಿ ಎತ್ತಿದಂತಾಯಿತು.

ಈ ಆಟದ ಹೆಸರು ಫುಟ್‌ಬಾಲ್ ಎಂದಿದ್ದರೂ ಅದರಲ್ಲಿ ಕಾಲಿಗಿಂತ ಕೈಗೇ ಕೆಲಸ ಹೆಚ್ಚು. ಮೊಟ್ಟೆಯಾಕಾರದ ಚೆಂಡನ್ನು ಎದುರಾಳಿಯ ಗಡಿಯಾಚೆಗೆ ಸಾಗಿಸುವುದೇ ಗುರಿ. ಕ್ವಾರ್ಟರ್‌ಬ್ಯಾಕ್ ಎಂಬಾತ ಚೆಂಡನ್ನು ಎಸೆಯುತ್ತಾನೆ. ರಿಸೀವರ್ ಎಂಬಾತ ಎದುರಾಳಿಗಳನ್ನು ತಪ್ಪಿಸಿಕೊಂಡು ದೂರ ಓಡಿ ಅದನ್ನು ಹಿಡಿಯುತ್ತಾನೆ. ಹಿಡಿದು ಗಡಿ ದಾಟಿದರೆ ಟಚ್‌ಡೌನ್. ಕೇಳಲು ಸರಳ. ಆದರೆ ರಿಸೀವರನ ಬಾಳಿನಲ್ಲಿ ಒಂದು ವಿಚಿತ್ರವಾದ ಪರಾಧೀನತೆ ಇದೆ. ಕ್ರಿಕೆಟ್ಟಿನ ಬ್ಯಾಟುಗಾರನಿಗೆ ವಯಸ್ಸಾದರೆ ಚೆಂಡು ಆತನ ಬಳಿಗೆ ಬಂದೇ ಬರುತ್ತದೆ. ಹೊಡೆಯಲಾರದೆ ಹೋದರೆ ಅದು ಎಲ್ಲರ ಕಣ್ಣಿಗೂ ಕಾಣುತ್ತದೆ. ರಿಸೀವರನಿಗೆ ಹಾಗಲ್ಲ. ಆತ ಪ್ರತಿ ಸಲವೂ ಓಡುತ್ತಾನೆ, ತಿರುಗುತ್ತಾನೆ, ಕೈ ಚಾಚುತ್ತಾನೆ. ಚೆಂಡು ಮಾತ್ರ ಇನ್ನೊಬ್ಬನ ಕಡೆಗೆ ಹಾರಿಹೋಗುತ್ತದೆ. ತಾನು ಸೋತೆನೋ, ತನ್ನನ್ನು ಮರೆತರೋ ಎಂಬುದು ಆತನಿಗೇ ತಿಳಿಯದು.

ಇಟ್ಟಿಗೆ ಹಿಡಿದ ಹುಡುಗ

ರೈಸ್ ಹುಟ್ಟಿದ್ದು 1962ರಲ್ಲಿ, ಮಿಸಿಸಿಪಿ ರಾಜ್ಯದಲ್ಲಿ. ಬೆಳೆದದ್ದು ಕ್ರಾಫರ್ಡ್ ಎಂಬ ಪುಟ್ಟ ಊರಿನಲ್ಲಿ. ತಂದೆ ಗಾರೆ ಕೆಲಸದವರು. ಬೇಸಿಗೆಯ ಬಿಸಿಲಿನಲ್ಲಿ ಮಕ್ಕಳೂ ಅವರ ಜೊತೆ ದುಡಿಯಬೇಕು. ಸಾರವೆಯ ಮೇಲೆ ನಿಂತ ಜೆರಿಗೆ ಸೋದರರು ಕೆಳಗಿನಿಂದ ಇಟ್ಟಿಗೆಗಳನ್ನು ಎಸೆಯುವರು. ಆತ ಒಂದನ್ನೂ ಬಿಡದಂತೆ ಹಿಡಿಯುವನು. ಮುಂದೆ ಇಡೀ ಅಮೆರಿಕ ಬೆರಗಿನಿಂದ ನೋಡಿದ ಆ ಕೈಗಳಿಗೆ ಮೊದಲ ಪಾಠ ಹೇಳಿದ್ದು ಸುಟ್ಟ ಮಣ್ಣು.

ದೊಡ್ಡ ವಿಶ್ವವಿದ್ಯಾನಿಲಯಗಳ ಕಣ್ಣಿಗೆ ಬೀಳದ ಹುಡುಗ ಮಿಸಿಸಿಪಿ ವ್ಯಾಲಿ ಎಂಬ ಸಣ್ಣ ವಿದ್ಯಾಸಂಸ್ಥೆಯನ್ನು ಸೇರಿದ. 1984ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ತಂಡದ ತರಬೇತುದಾರ ಬಿಲ್ ವಾಲ್ಷ್ ಪಂದ್ಯವೊಂದಕ್ಕಾಗಿ ಹ್ಯೂಸ್ಟನ್ನಿಗೆ ಹೋಗಿ ಹೋಟೆಲಿನಲ್ಲಿ ತಂಗಿದ್ದಾಗ, ರಾತ್ರಿ ಟೆಲಿವಿಷನ್ನಿನಲ್ಲಿ ಈ ಹುಡುಗನ ಆಟದ ತುಣುಕುಗಳನ್ನು ಕಂಡ. ಮರುವರ್ಷ ಹೊಸ ಆಟಗಾರರನ್ನು ಆರಿಸುವ ಸರದಿ ಬಂದಾಗ, ಬೇರೊಂದು ತಂಡದೊಡನೆ ವಿನಿಮಯ ಮಾಡಿಕೊಂಡು ಹದಿನಾರನೆಯ ಸ್ಥಾನದಲ್ಲಿ ಆತನನ್ನು ಪಡೆದ.

ಮುಂದಿನದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ಮೊದಲ ವರ್ಷ ಕೈಜಾರಿದ ಚೆಂಡುಗಳು ಅನೇಕ. ಆಮೇಲೆ ಆತನನ್ನು ತಡೆಯುವವರೇ ಇರಲಿಲ್ಲ. 1987ರಲ್ಲಿ ಹನ್ನೆರಡೇ ಪಂದ್ಯಗಳಲ್ಲಿ ಇಪ್ಪತ್ತೆರಡು ಟಚ್‌ಡೌನ್ ಹಿಡಿದ. 1989, 1990, 1995ರ ಜನವರಿಗಳಲ್ಲಿ ಸೂಪರ್ ಬೌಲ್ ಎಂಬ ಮಹಾಪಂದ್ಯವನ್ನು ತಂಡ ಗೆದ್ದಾಗ ಮೂರು ಸಲವೂ ಆತನದು ಮೊದಲ ಸಾಲಿನ ಪಾತ್ರ. ಬಿಡುವಿನ ತಿಂಗಳುಗಳಲ್ಲಿ ಇತರರು ವಿಶ್ರಮಿಸುತ್ತಿದ್ದಾಗ ಈತ ಸ್ಯಾನ್ ಕಾರ್ಲೋಸ್ ಸಮೀಪದ ಗುಡ್ಡವೊಂದನ್ನು ಓಡಿ ಹತ್ತುತ್ತಿದ್ದ. ಸುಮಾರು ನಾಲ್ಕು ಕಿಲೋಮೀಟರ್ ಏರು. ಜೊತೆಗೆ ಓಡಲು ಬಂದ ಗಟ್ಟಿಗರು ನಡುದಾರಿಯಲ್ಲೇ ಏದುಸಿರು ಬಿಡುತ್ತಿದ್ದರಂತೆ.

ಇಳಿಗಾಲದ ಮೊದಲ ಸೂಚನೆ 1997ರ ಆಗಸ್ಟಿನಲ್ಲಿ ಬಂತು. ಋತುವಿನ ಮೊದಲ ಪಂದ್ಯದಲ್ಲೇ ಎಡಮೊಣಕಾಲಿನ ಕಟ್ಟು ಹರಿಯಿತು. ಇಡೀ ವರ್ಷ ಆಟವಿಲ್ಲವೆಂದು ಜನ ಭಾವಿಸಿದ್ದಾಗ, ಮೂರೂವರೆ ತಿಂಗಳಲ್ಲೇ, ಹಳೆಯ ಒಡನಾಡಿ ಜೋ ಮೊಂಟಾನಾನಿಗೆ ಸನ್ಮಾನ ನಡೆದ ರಾತ್ರಿ, ಆತ ಅಂಗಳಕ್ಕಿಳಿದ. ಟಚ್‌ಡೌನನ್ನೂ ಹಿಡಿದ. ಅದನ್ನು ಹಿಡಿದು ಬಿದ್ದಾಗ ಅದೇ ಕಾಲಿನ ಮಂಡಿಚಿಪ್ಪು ಸೀಳಿತು. ಹಟಕ್ಕೂ ಒಂದು ಮಿತಿ ಇರಬೇಕೆಂದು ಆಗ ಯಾರಾದರೂ ಬುದ್ಧಿ ಹೇಳಿದ್ದರೆ ತಪ್ಪೆನ್ನಲಾಗದು. ಆದರೆ ಆ ಹಟವನ್ನು ಕಳೆದರೆ ಜೆರಿ ರೈಸನಲ್ಲಿ ಉಳಿಯುವುದೇನು?

ಲೆಕ್ಕದ ಪುಸ್ತಕ

2000ನೆಯ ಋತುವಿನಲ್ಲಿ ರೈಸ್ ಹಿಡಿದ ಚೆಂಡುಗಳು 75. ಓವೆನ್ಸ್ ಹಿಡಿದದ್ದು 97. ಅಮೆರಿಕದಲ್ಲಿ ಪ್ರತಿ ತಂಡವೂ ಆಟಗಾರರಿಗೆ ಒಟ್ಟು ಇಂತಿಷ್ಟೇ ಸಂಬಳ ಕೊಡಬೇಕೆಂಬ ಮಿತಿಯುಂಟು. ಸ್ಯಾನ್ ಫ್ರಾನ್ಸಿಸ್ಕೋ ತಂಡ ಆಗ ಆ ಮಿತಿಯ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡಿತ್ತು. ಮೂವತ್ತೆಂಟು ದಾಟಿದವನಿಗೆ ಭಾರಿ ಸಂಬಳ ತೆತ್ತು ಇಟ್ಟುಕೊಳ್ಳುವುದೋ, ಆ ಹಣದಲ್ಲಿ ಹೊಸಬರನ್ನು ಬೆಳೆಸುವುದೋ? 1999ರಲ್ಲಿ ತಂಡದ ಆಡಳಿತಕ್ಕೆ ಮರಳಿ ಬಂದವನು ಬಿಲ್ ವಾಲ್ಷ್. ಹೋಟೆಲಿನ ಕೋಣೆಯಲ್ಲಿ ಆ ಹುಡುಗನನ್ನು ಕಂಡು ಆರಿಸಿದ ಅದೇ ವಾಲ್ಷ್. 2001ರ ಜೂನಿನಲ್ಲಿ ತಂಡ ರೈಸನನ್ನು ಬಿಟ್ಟುಕೊಟ್ಟಿತು.

ಇದನ್ನು ಕೃತಘ್ನತೆ ಎಂದು ಜರೆದವರಿಗೆ ಕೊರತೆ ಇರಲಿಲ್ಲ. ಆದರೆ ಇಪ್ಪತ್ತೇಳರ ಓವೆನ್ಸನ ಆಟ ಕಂಡವರು ತಂಡದ ಲೆಕ್ಕವನ್ನು ಪೂರ್ತಿ ತಪ್ಪೆನ್ನಲಾರರು. ಪೂರ್ತಿ ಸರಿಯೂ ಅಲ್ಲವೆಂಬುದನ್ನು ರೈಸನೇ ತೋರಿಸಿಕೊಟ್ಟ. ಕೊಲ್ಲಿಯ ಆಚೆ ದಡದ ಓಕ್‌ಲೆಂಡ್ ತಂಡವನ್ನು ಸೇರಿ, 2001ರಲ್ಲಿ 83 ಚೆಂಡು ಹಿಡಿದ. 2002ರಲ್ಲಿ, ನಲವತ್ತು ತುಂಬಿದ ವರ್ಷ, 92. ಗಳಿಸಿದ ದೂರ 1,211 ಗಜ. ಆ ವಯಸ್ಸಿಗೆ ಈ ಆಟದ ಬಹುಮಂದಿ ಕಾಲು ನೀವಿಕೊಳ್ಳುತ್ತ ಮನೆಯಲ್ಲಿ ಕುಳಿತಿರುತ್ತಾರೆ. 2003ರ ಜನವರಿಯಲ್ಲಿ ಓಕ್‌ಲೆಂಡ್ ಮಹಾಪಂದ್ಯಕ್ಕೂ ಹೋಯಿತು. ಸೋತಿತು; ಆದರೆ ಆ ಸೋಲಿನಲ್ಲೂ ರೈಸನದೊಂದು ಟಚ್‌ಡೌನ್ ಇತ್ತು.

ಆ ಸಂಧ್ಯಾರಾಗ ಬಹುಕಾಲ ನಿಲ್ಲಲಿಲ್ಲ. ಮರುವರ್ಷ ತಂಡ ಹದಿನಾರು ಪಂದ್ಯಗಳಲ್ಲಿ ನಾಲ್ಕನ್ನು ಮಾತ್ರ ಗೆದ್ದಿತು. ರೈಸನ ಪಾಲಿಗೆ ಬಂದ ಟಚ್‌ಡೌನುಗಳು ಎರಡು. 2004ಕ್ಕೆ ಹೊಸ ತರಬೇತುದಾರ ಬಂದ. ಕಿರಿಯರ ಕಡೆಗೆ ಆತನ ಒಲವು. ಆ ಸೆಪ್ಟೆಂಬರ್ 19ರಂದು ಬಫಲೋ ತಂಡದೊಡನೆ ಪಂದ್ಯ. 1985ರ ಡಿಸೆಂಬರಿನಿಂದ ಮೊದಲುಗೊಂಡು, ಆಡಿದ 274 ಪಂದ್ಯಗಳಲ್ಲಿ ಒಂದರಲ್ಲೂ ರೈಸ್ ಬರಿಗೈಯಲ್ಲಿ ಹಿಂದಿರುಗಿದವನಲ್ಲ. ಪ್ರತಿ ಪಂದ್ಯದಲ್ಲೂ ಕನಿಷ್ಠ ಒಂದು ಚೆಂಡು ಆತನ ಕೈ ಸೇರಿತ್ತು. ಅಂದು ಒಂದೂ ಸೇರಲಿಲ್ಲ. ಹತ್ತೊಂಬತ್ತು ವರ್ಷಗಳ ಸರಪಳಿ, ತಂಡ ಗೆದ್ದ ದಿನವೇ ಕಡಿದುಹೋಯಿತು. ಗೆದ್ದವರ ನಡುವೆ ನಿಂತು ಅಳುವಂತಿಲ್ಲ, ನಗುವಂತಿಲ್ಲ.

ಮೊದಲ ಆರು ಪಂದ್ಯಗಳಲ್ಲಿ ಆತನ ಕೈಗೆ ಬಂದ ಚೆಂಡುಗಳು ಬರೀ ಐದು. ತನ್ನನ್ನು ಬೇರೆಡೆಗೆ ಕಳುಹಿಸಿರೆಂದು ಆತನೇ ಕೇಳಿಕೊಂಡ. ಅಕ್ಟೋಬರಿನಲ್ಲಿ ಸಿಯಾಟಲ್ ತಂಡಕ್ಕೆ ವರ್ಗವಾಯಿತು. ಪ್ರತಿಯಾಗಿ ಓಕ್‌ಲೆಂಡಿಗೆ ಒಪ್ಪಿದ್ದು, ಹೊಸಬರನ್ನು ಆರಿಸುವ ಸರದಿಯ ಕಟ್ಟಕಡೆಯ ಸುತ್ತಿನಲ್ಲಿ ಒಂದು ಅವಕಾಶ, ಅದೂ ಷರತ್ತಿನ ಮೇಲೆ. ಸಂತೆ ಮುಗಿಯುವ ಹೊತ್ತಿನಲ್ಲಿ ತರಕಾರಿಗೆ ಕಟ್ಟುವ ಬೆಲೆ ಅದು.

ಸಿಯಾಟಲ್ಲಿನಲ್ಲಿ ತರಬೇತುದಾರನಾಗಿದ್ದವನು ಸ್ಯಾನ್ ಫ್ರಾನ್ಸಿಸ್ಕೋದ ಹಳೆಯ ಪರಿಚಯದ ಮೈಕ್ ಹೋಮ್‌ಗ್ರೆನ್. ಆದರೆ 80ನೆಯ ಸಂಖ್ಯೆ ಅಲ್ಲಿ ಹಿಂದಿನ ಮಹಾನ್ ರಿಸೀವರ್ ಸ್ಟೀವ್ ಲಾರ್ಜೆಂಟನ ಗೌರವಾರ್ಥವಾಗಿ ಯಾರಿಗೂ ಕೊಡದೆ ಮೀಸಲಾಗಿತ್ತು. ಲಾರ್ಜೆಂಟ್ ಸಮ್ಮತಿಸಿದ್ದರಿಂದ ರೈಸನಿಗೆ ಅದು ದೊರೆಯಿತು. ಕೊಟ್ಟವನ ಔದಾರ್ಯ ದೊಡ್ಡದು. ಆದರೂ ಇಪ್ಪತ್ತು ವರ್ಷ ತನ್ನದೇ ಆಗಿದ್ದ ಸಂಖ್ಯೆಯನ್ನು ಎರವಲು ತೊಡುವಾಗ ಆ ಅಂಗಿ ಹೇಗೆ ಮೈಗೆ ಹತ್ತಿತೋ! ಡಿಸೆಂಬರಿನ ಒಂದು ಸೋಮವಾರ ರಾತ್ರಿ, ಡಲ್ಲಾಸ್ ತಂಡದ ಎದುರು, ಎಂಟು ಚೆಂಡು ಹಿಡಿದು 145 ಗಜ ಗಳಿಸಿ ಆತ ಹಳೆಯ ದಿನಗಳನ್ನು ನೆನಪಿಗೆ ತಂದ. 2005ರ ಜನವರಿಯಲ್ಲಿ ತಂಡ ನಿರ್ಣಾಯಕ ಪಂದ್ಯದಲ್ಲಿ ಸೋತು ಹೊರಬಿದ್ದಾಗ, ಆತನ ಹೆಸರಿನ ಮುಂದೆ ಒಂದು ಹಿಡಿತವೂ ಇರಲಿಲ್ಲ.

ಅಷ್ಟಕ್ಕೆ ಸಾಕೆನ್ನಬಹುದಿತ್ತು. ಆತ ಎನ್ನಲಿಲ್ಲ. ಡೆನ್ವರ್ ತಂಡದ ಅಭ್ಯಾಸ ಶಿಬಿರಕ್ಕೆ ಹೋದ. ಅಲ್ಲಿ 80 ಬೇರೆಯವನ ಬೆನ್ನ ಮೇಲಿತ್ತು. ಈತ 19ನ್ನು ತೊಟ್ಟ. ತಂಡದಲ್ಲಿ ಸ್ಥಾನ ದೊರೆತರೂ ರಿಸೀವರುಗಳ ಸಾಲಿನಲ್ಲಿ ತೀರ ಹಿಂದಿನದೇ ದೊರೆಯುವುದೆಂದು ತಿಳಿದಾಗ, 2005ರ ಸೆಪ್ಟೆಂಬರಿನಲ್ಲಿ, ಋತು ಆರಂಭವಾಗುವ ಮುನ್ನವೇ ನಿವೃತ್ತಿಯನ್ನು ಸಾರಿದ. ಆಗ ವಯಸ್ಸು ನಲವತ್ತೆರಡು. ಆತ ಬಿಟ್ಟುಹೋದ ಲೆಕ್ಕ: ಹಿಡಿದ ಚೆಂಡುಗಳು 1,549, ಗಳಿಸಿದ ದೂರ 22,895 ಗಜ, ಅಂದರೆ ಹತ್ತಿರ ಹತ್ತಿರ ಇಪ್ಪತ್ತೊಂದು ಕಿಲೋಮೀಟರ್, ಒಟ್ಟು ಟಚ್‌ಡೌನುಗಳು 208. ಈ ಮೂರನ್ನೂ ಇದುವರೆಗೆ ಮತ್ತೊಬ್ಬ ದಾಟಿಲ್ಲ.

ಬಿಟ್ಟುಕೊಟ್ಟ ಮನೆಯೇ ಕೊನೆಗೆ ಕರೆಯಿತು. 2006ರ ಆಗಸ್ಟಿನಲ್ಲಿ, ತಮ್ಮ ಆಟಗಾರನಾಗಿಯೇ ನಿವೃತ್ತನಾಗಲೆಂದು ಸ್ಯಾನ್ ಫ್ರಾನ್ಸಿಸ್ಕೋ ತಂಡದವರು ಆತನೊಡನೆ ಒಂದು ದಿನದ ಒಪ್ಪಂದಕ್ಕೆ ಸಹಿಮಾಡಿದರು. ಈ ತಂಡದ ಹೆಸರು ಫಾರ್ಟಿನೈನರ್ಸ್; 1849ರಲ್ಲಿ ಚಿನ್ನವನ್ನರಸಿ ಕ್ಯಾಲಿಫೋರ್ನಿಯಕ್ಕೆ ನುಗ್ಗಿದವರ ನೆನಪಿನ ಹೆಸರು ಅದು. ಒಪ್ಪಂದದ ಪತ್ರದಲ್ಲಿ ಬರೆದ ಮೊತ್ತ 19,85,806 ಡಾಲರ್ 49 ಸೆಂಟ್. ಆತ ತಂಡಕ್ಕೆ ಬಂದ ವರ್ಷ 1985. ಅಂಗಿಯ ಸಂಖ್ಯೆ 80. ಹೊರಟ ವರ್ಷ 06. ಉಳಿದ 49 ತಂಡದ ಹೆಸರಿನದು. ಹಣ ಮಾತ್ರ ಒಂದು ಸೆಂಟೂ ಕೈಬದಲಾಗಲಿಲ್ಲ. ಆತನೂ ಕೇಳಲಿಲ್ಲ.